ಸಿಡುಬು ಹೋಯಿತು, ಮಾರೆಮ್ಮ ಉಳಿದಳು



ಯಂತ್ರಗಳೇ ಮನುಷ್ಯನ ಸಕಲ ಕಾರ್ಯಗಳನ್ನೂ ನಿರ್ವಹಿಸುವ ಕಾಲ ಬಂದಾಗ ದೇವರ ಅಗತ್ಯ ಉಳಿಯುವುದೇ ಎಂಬ ಪ್ರಶ್ನೆಯನ್ನು ವಿದ್ಯಾವಂತ ತರುಣರು ಈಗೀಗ ಪದೇ ಪದೇ ಎತ್ತುತ್ತಿದ್ದಾರೆ. ನಮ್ಮ ಬೆಳುಗುಪ್ಪದಂತಹ ಊರಿನಲ್ಲಿಯೂ ಈ ಮಾತು ಕೇಳಿಬರುತ್ತಿದೆ. ಕೇಳಿದ ಪ್ರಶ್ನೆಗೆಲ್ಲ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉತ್ತರ ಕೊಡುವ ಯಂತ್ರ ಅಂಗಿಯ ಜೇಬಿನೊಳಗೇ ಇರುವಾಗ ಇಂತಹ ಸಂದೇಹ ಹುಟ್ಟುವುದು ಸಹಜವೇ ಸರಿ. ಇದು ನೂರು ವರ್ಷಗಳಾಚೆಯ ಪ್ರಶ್ನೆಯೆಂದು ಭಾವಿಸಿ ಊಹೆಯ ಗೋಪುರ ಕಟ್ಟುವುದು ಪಂಡಿತರ ವಾಡಿಕೆ. ಅಷ್ಟು ದೂರ ಹೋಗಬೇಕಾಗಿಲ್ಲವೆಂಬುದು ನನ್ನ ಎಣಿಕೆ. ಈ ಪರೀಕ್ಷೆ ನಮ್ಮ ಊರುಗಳಲ್ಲಿ ಆಗಲೇ ಒಮ್ಮೆ ನಡೆದುಹೋಗಿದೆ. ಫಲಿತಾಂಶ ಹೊರಬಿದ್ದು ನಾಲ್ವತ್ತು ವರ್ಷಗಳ ಮೇಲಾಯಿತು. ನಾನು ಹೇಳುತ್ತಿರುವುದು ಸಿಡುಬಿನ ವಿಷಯ, ಮಾರೆಮ್ಮನ ವಿಷಯ.

ಸಿಡುಬೆಂಬ ಹೆಸರನ್ನು ನಮ್ಮ ಹಿರಿಯರು ಮನೆಯೊಳಗೆ ಉಚ್ಚರಿಸುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ನೆರೆಮನೆಯ ತೆಲುಗರು ‘ಅಮ್ಮವಾರು ಪೋಸಿಂದಿ’ ಎನ್ನುತ್ತಿದ್ದರು. ಭಾಷೆ ಎರಡಾದರೂ ಭಯ ಒಂದೇ ಆಗಿತ್ತು. ರೋಗಿಯನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಬಾಗಿಲಿಗೆ ಬೇವಿನ ತೋರಣ ಕಟ್ಟಿ, ಒಗ್ಗರಣೆಯ ಸದ್ದೇ ಇಲ್ಲದ ಅಡುಗೆ ಮಾಡಿ, ಹೊರಗಿನವರನ್ನು ಹೊಸ್ತಿಲು ದಾಟಗೊಡದೆ ಕಾಯುತ್ತಿದ್ದರು. ಹೊರಗಿನವರನ್ನು ತಡೆಯುವ ಆ ಕಟ್ಟಳೆಯಲ್ಲಿ ಇಂದಿನ ವೈದ್ಯರೂ ಒಪ್ಪುವ ವಿವೇಕವಿತ್ತೆಂಬುದನ್ನು ಮರೆಯಲಾಗದು. ಬದುಕಿದವರಿಗೆ ಮುಖದ ತುಂಬ ಕಲೆ ಉಳಿಯುತ್ತಿತ್ತು. ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ನನ್ನ ತಾಯಿಯವರ ಮುಖದಲ್ಲಿಯೂ ಆ ಕಲೆಗಳಿದ್ದುವು. ಅವನ್ನು ಅವರು ರೋಗದ ಗುರುತೆಂದು ಎಂದೂ ಕರೆಯಲಿಲ್ಲ. ‘ಅಮ್ಮ ಮುಟ್ಟಿ ಬಿಟ್ಟುಹೋದಳು’ ಎನ್ನುತ್ತಿದ್ದರು. ನನ್ನ ಅಜ್ಜಿಯ ಎರಡು ಮಕ್ಕಳನ್ನು ಅದೇ ಅಮ್ಮ ಮುಟ್ಟಿ ಬಿಡದೆ ಕರೆದುಕೊಂಡು ಹೋಗಿದ್ದಳು. ಅಜ್ಜಿ ಅದನ್ನು ಹೇಳುವಾಗ ದುಃಖಪಡುತ್ತಿದ್ದರೇ ವಿನಾ ತಮ್ಮನ್ನು ತಾವು ಹಳಿದುಕೊಂಡುದನ್ನು ನಾನು ಕಾಣೆ. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಇನ್ನು ವಿಜ್ಞಾನದ ಕಡೆಯ ಕಥೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಹಾಲು ಕರೆಯುವವಳ ಕೈಯ ಮೇಲೆದ್ದ ಗೋಸಿಡುಬಿನ ಕೀವನ್ನು ತೆಗೆದು ಬಾಲಕನೊಬ್ಬನ ತೋಳಿಗೆ ಹಾಕಿದನು. ಆ ಬಾಲಕನಿಗೆ ಸಿಡುಬು ತಗಲಲಿಲ್ಲ. 1802ರಲ್ಲಿ ಆ ಲಸಿಕೆ ಮುಂಬಯಿಗೆ ಬಂದಿತು. ನಮ್ಮ ಜನ ಅದನ್ನು ಹೇಗೆ ಬರಮಾಡಿಕೊಂಡರು ಬಲ್ಲಿರಾ? ಕನ್ನಡ ನಾಡಿನ ಹಲವೆಡೆ ಲಸಿಕೆ ಚುಚ್ಚುವುದಕ್ಕೆ ‘ದೇವಿ ಹಾಕುವುದು’ ಎಂದೇ ಹೆಸರಾಯಿತು. ರೋಗವೂ ದೇವಿಯೇ, ಅದರ ಮದ್ದೂ ದೇವಿಯೇ! ಆದರೂ ಆ ಬಳಿಕ ನೂರಾ ಎಪ್ಪತ್ತು ವರ್ಷಗಳವರೆಗೆ ಸಿಡುಬು ತೊಲಗಲಿಲ್ಲ. 1974ರಲ್ಲಿಯೂ ನಮ್ಮ ದೇಶದಲ್ಲಿ ಲಕ್ಷಕ್ಕೂ ಅಧಿಕ ಜನರಿಗೆ ತಗಲಿತ್ತು. ತುದಿಯಲ್ಲಿ ಎರಡಾಗಿ ಸೀಳಿದ ಪುಟ್ಟ ಸೂಜಿಯೊಂದನ್ನು ಹಿಡಿದು, ಸಿಡುಬಿನ ರೋಗಿಯ ಚಿತ್ರವನ್ನು ಕೈಯಲ್ಲಿಟ್ಟುಕೊಂಡು, ಸಹಸ್ರಾರು ನೌಕರರು ಮನೆಮನೆಯ ಬಾಗಿಲು ತಟ್ಟಿದರು. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನ ಸಾರಿದರು. ಒಬ್ಬ ರೋಗಿ ಸಿಕ್ಕಿದರೆ ಸುತ್ತಣ ಮನೆಗಳಿಗೆಲ್ಲ ಚುಚ್ಚಿ ಬೇಲಿ ಹಾಕಿದರು. 1975ರ ಮೇ ತಿಂಗಳೇ ಭಾರತದಲ್ಲಿ ಸಿಡುಬಿನ ಕೊನೆ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಸಾರಿತು. ಮನುಷ್ಯನ ಪ್ರಯತ್ನದಿಂದ ಸಂಪೂರ್ಣವಾಗಿ ಅಳಿದುಹೋದ ಮನುಷ್ಯರೋಗ ಇಂದಿಗೂ ಇದೊಂದೇ.

ತರ್ಕದ ಪ್ರಕಾರ ಮುಂದೆ ಏನಾಗಬೇಕಾಗಿತ್ತು? ಯಾವ ಭಯದಿಂದ ಮಾರೆಮ್ಮನ ಗುಡಿ ಎದ್ದಿತ್ತೋ ಆ ಭಯವೇ ಹೋದಮೇಲೆ ಗುಡಿಯ ಬಾಗಿಲು ಮುಚ್ಚಬೇಕಾಗಿತ್ತು. ಹಾಗಾಗಲಿಲ್ಲ. ಗಡಿಯಾಚೆ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿದ್ದೀರಿ. ಎರಡೂ ರಾಜ್ಯಗಳಿಂದ ಜನ ಕಿಕ್ಕಿರಿದು ಬರುತ್ತಾರೆ. ಅಲ್ಲಿ ರೈತರು ದೇವಿಗೆ ಈರುಳ್ಳಿಯನ್ನು ತೂರಿ, ಬೆಳೆಗೆ ರೋಗ ತಗಲದಿರಲೆಂದು ಬೇಡುತ್ತಾರೆ. ಸಿಡುಬು ಹೋದಮೇಲೆ ಅಮ್ಮನಿಗೆ ಬೇರೆ ಕೆಲಸ ಒಪ್ಪಿಸಿದಂತಾಯಿತು. ಇದು ಹೊಸದೇನೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅಲ್ಲಿ ಪ್ಲೇಗ್ ಮಾರಮ್ಮ ನೆಲೆಗೊಂಡಳು. ಪ್ಲೇಗು ಹೋಗಿಯೂ ಅವಳಿಗೆ ಪೂಜೆ ನಡೆದಿದೆ. 2021ರಲ್ಲಿ ಕೊಯಮತ್ತೂರಿನಲ್ಲಿ ‘ಕೊರೋನಾ ದೇವಿ’ಯ ವಿಗ್ರಹವನ್ನೇ ಪ್ರತಿಷ್ಠಾಪಿಸಿದರು. ಅದೇ ವರ್ಷ ಅದೇ ಜನ ಲಸಿಕೆಗಾಗಿ ಆಸ್ಪತ್ರೆಯ ಮುಂದೆ ಸಾಲುಗಟ್ಟಿಯೂ ನಿಂತರು.

ಇದನ್ನು ಕಂಡು ವಿಚಾರವಾದಿಗಳು ಮೌಢ್ಯವೆಂದು ನಗುತ್ತಾರೆ. ಆಸ್ತಿಕರು ದೇವಿಯ ಮಹಿಮೆಯೆಂದು ಬೀಗುತ್ತಾರೆ. ಇಬ್ಬರ ಮಾತೂ ನನಗೆ ಸಮ್ಮತವಲ್ಲ. ಸಿಡುಬನ್ನು ಅಟ್ಟಿದ್ದು ಸೂಜಿ ಹಿಡಿದು ಬಿಸಿಲಿನಲ್ಲಿ ಅಲೆದ ನೌಕರರು. ಅವರ ಹೆಸರಿನಲ್ಲಿ ಒಂದು ಕಟ್ಟೆಯನ್ನಾದರೂ ಯಾವ ಊರಿನವರೂ ಕಟ್ಟಿಸಿದುದನ್ನು ನಾನು ಕಾಣೆ. ಅವರಿಗೆ ಸಲ್ಲಬೇಕಾದ ಕೃತಜ್ಞತೆ ಅಮ್ಮನ ಹುಂಡಿಗೆ ಬಿದ್ದಿತು. ಅದು ಹಾಗಿರಲಿ.

ಮಳೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪಂಡಿತರೇ ಆಗಿಬಿಟ್ಟಿದ್ದೇವೆ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ 550 ಮಿಲಿಮೀಟರಿನಷ್ಟು ಮಳೆ. ಅದನ್ನೇ ನಂಬಿ ಕಡಲೆಕಾಯಿ ಬಿತ್ತುವವರು ನಾವು. ಕಪ್ಪೆಗಳ ಮದುವೆ ಮಾಡಿದ್ದೇವೆ, ವಿರಾಟಪರ್ವ ಓದಿಸಿದ್ದೇವೆ, ಭಜನೆ ಮಾಡಿದ್ದೇವೆ. ಈ ಶತಮಾನದ ಮೊದಲ ದಶಕದಲ್ಲಿ ಸರ್ಕಾರದವರು ವಿಮಾನ ಹಾರಿಸಿ ಮೋಡಕ್ಕೆ ರಾಸಾಯನಿಕಗಳನ್ನು ಬಿತ್ತಿಸಿದುದನ್ನೂ ಕಂಡಿದ್ದೇವೆ. ಮೋಡವೇ ಇಲ್ಲದಿದ್ದರೆ ವಿಮಾನವೂ ಏನು ಮಾಡಲಾರದೆಂಬುದು ಆಗ ತಿಳಿಯಿತು. ಕರ್ನಾಟಕದಲ್ಲಿ 2017ರಲ್ಲಿ ಒಂದು ವಿಚಿತ್ರ ನಡೆಯಿತು. ಜೂನ್ ತಿಂಗಳಿನಲ್ಲಿ ಜಲಸಂಪನ್ಮೂಲ ಇಲಾಖೆಯ ಮುಂದಾಳತ್ವದಲ್ಲಿ ತಲಕಾವೇರಿಯಲ್ಲಿ ಪರ್ಜನ್ಯ ಹೋಮ. ಆಗಸ್ಟ್ ತಿಂಗಳಿನಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ಮೋಡ ಬಿತ್ತನೆ. ರೈತನೊಬ್ಬನು ತನ್ನ ಸ್ವಂತ ಖರ್ಚಿನಲ್ಲಿ ಎರಡನ್ನೂ ಮಾಡಿದರೆ ನಾನು ಆಕ್ಷೇಪಿಸುವವನಲ್ಲ. ಬಾವಿ ಕೊರೆಸುವಾಗ ಅಂಗೈಯ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವ ಜಾಗವನ್ನೂ ನೋಡಿಸಿ, ಭೂಗರ್ಭ ಇಲಾಖೆಯವರ ಉಪಕರಣವನ್ನೂ ಇಡಿಸಿ, ತಮಿಳುನಾಡಿನ ಬೋರ್‌ವೆಲ್ ಲಾರಿಗೆ ಪೂಜೆ ಮಾಡಿಸಿ, ಸಾಲದ ಹಣ ಎಣಿಸಿಕೊಡುವವನ ಎದೆಬಡಿತ ನನಗೆ ಗೊತ್ತು. ಆದರೆ ಕೆರೆಯ ಹೂಳು ತೆಗೆಸಬೇಕಾದವರು ಹೋಮದ ಹೊಗೆಯ ಹಿಂದೆ ನಿಲ್ಲುವುದು ಸಲ್ಲದು.

ಇಷ್ಟಕ್ಕೂ ನಮ್ಮ ಮಂಡಲಕ್ಕೆ ನೀರು ಬಂದದ್ದು ಆಕಾಶದಿಂದಲ್ಲ. ಶ್ರೀಶೈಲ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯನ್ನು ಒಂದಾದ ಮೇಲೊಂದು ಪಂಪಿನ ಮನೆಗಳಲ್ಲಿ ಮೇಲೆತ್ತಿ, ಹಂದ್ರಿ–ನೀವಾ ಕಾಲುವೆಯ ಮೂಲಕ 2012ರಲ್ಲಿ ಜೀಡಿಪಲ್ಲಿ ಜಲಾಶಯಕ್ಕೆ ತಂದರು. ಎಲ್ಲ ಹೊಲಗಳನ್ನೂ ಅದು ಮುಟ್ಟಲಿಲ್ಲವೆಂಬುದು ನಿಜ. ಮಲ್ಲಿಕಾರ್ಜುನನ ಪಾದದ ನೀರು ವಿದ್ಯುತ್ತಿನಿಂದ ಬೆಟ್ಟ ಹತ್ತಿ ಬಂದಾಗ ಹೆಂಗಸರು ಅರಿಶಿನ ಕುಂಕುಮ ಹಾಕಿ ಹಾರತಿ ಎತ್ತಿದರು. ಪಂಪನ್ನು ಯಾರು ಮಾಡಿದರೆಂದು ಅವರಿಗೆ ತಿಳಿಯದೇ ಇರಲಿಲ್ಲ. ಕನ್ನಂಬಾಡಿ ತುಂಬಿದಾಗ ಕರ್ನಾಟಕದ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವುದಿಲ್ಲವೇ? ಆ ಅಣೆಕಟ್ಟೆಯನ್ನು ಯೋಜಿಸಿದವರು ವಿಶ್ವೇಶ್ವರಯ್ಯನವರೆಂದು ಮಕ್ಕಳೂ ಬಲ್ಲರು. ಶ್ರೀಹರಿಕೋಟದ ವಿಜ್ಞಾನಿಗಳು 2023ರ ಜುಲೈ ತಿಂಗಳಿನಲ್ಲಿ ಚಂದ್ರಯಾನ–3ರ ಮಾದರಿಯನ್ನು ತಿರುಮಲೆಗೆ ಒಯ್ದುದೂ ಇದೇ ಬಗೆಯದು. ಇಂತಹ ನಡವಳಿಕೆಯನ್ನು ಪ್ರೊ. ಸಿ. ಎನ್. ಆರ್. ರಾಯರು 2013ರಲ್ಲಿಯೇ ಮೂಢನಂಬಿಕೆಯೆಂದು ಟೀಕಿಸಿದ್ದರು. ನನಗಾದರೋ ಅದು ಅಷ್ಟು ದೊಡ್ಡ ಅಪರಾಧವಾಗಿ ತೋರುವುದಿಲ್ಲ. ತಿರುಮಲೆಗೆ ಹೋಗಿಬಂದವರು ಲೆಕ್ಕವನ್ನೇನೂ ಬಿಟ್ಟುಕೊಡಲಿಲ್ಲ.

ಆದರೆ ಲೆಕ್ಕವನ್ನು ಬಿಟ್ಟುಕೊಟ್ಟ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಊರಿನ ಹೆಸರೂ ಜನರ ಹೆಸರೂ ಬೇಡ. ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಯ ಹುಡುಗನೊಬ್ಬನು ತಂದೆಯೊಡನೆ ರಾತ್ರಿ ಹೊಲಕ್ಕೆ ಹೋಗಿದ್ದನು. ಪಂಪಿಗೆ ವಿದ್ಯುತ್ತು ಬರುತ್ತಿದ್ದುದು ರಾತ್ರಿಯ ಹೊತ್ತು. ತಂದೆ ನೀರು ಕಟ್ಟುತ್ತಿರಲು ಹುಡುಗ ಮೋಟಾರಿನ ಗುಡಿಸಲಿನಲ್ಲಿ ನೆಲದ ಮೇಲೆಯೇ ನಿದ್ದೆ ಹೋದನು. ಕಟ್ಟುಹಾವು ಕಚ್ಚಿತು. ಈ ಹಾವಿನ ಕಡಿತದಲ್ಲಿ ನೋವೂ ಬಾವೂ ಬಹಳ ಕಡಿಮೆ. ಆದುದರಿಂದಲೇ ಜನ ಮೋಸಹೋಗುತ್ತಾರೆ. ಪಕ್ಕದ ಊರಿನಲ್ಲಿ ಮಂತ್ರ ಹಾಕುವವನೊಬ್ಬನಿದ್ದನು. ಅವನಲ್ಲಿಗೆ ಒಯ್ದರು. ಬಾವಿಲ್ಲದಿರುವುದನ್ನು ಕಂಡು ಅವನು ದೇವರ ಹೆಸರು ಹೇಳಿ ವಿಷ ಇಳಿಯಿತೆಂದನು. ಸ್ವಲ್ಪ ಹೊತ್ತಿಗೆ ಹುಡುಗನ ಕಣ್ಣಿನ ರೆಪ್ಪೆಗಳು ಜೋಲತೊಡಗಿದುವು. ನಿದ್ದೆ ಬರುತ್ತಿದೆಯೆಂದು ಎಲ್ಲರೂ ತಿಳಿದರು. ಬೆಳಗಿನ ಜಾವ ಆಸ್ಪತ್ರೆ ತಲಪುವ ವೇಳೆಗೆ ಉಸಿರು ನಿಂತಿತ್ತು.

ಹಾವಿನ ವಿಷವನ್ನು ಅಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಆ ಕುದುರೆಯ ರಕ್ತದಿಂದ ತೆಗೆಯುವ ಪ್ರತಿವಿಷ ನೂರು ವರ್ಷಗಳಿಗೂ ಹಿಂದಿನಿಂದ ಲೋಕದಲ್ಲಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ. ಹೀಗಿದ್ದೂ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಆ ರಾತ್ರಿ ದೇವರ ಹೆಸರು ಹುಡುಗನಿಗೂ ಔಷಧಕ್ಕೂ ನಡುವೆ ಬರಬಾರದಾಗಿತ್ತು. ಈ ವಿಷಯದಲ್ಲಿ ನಾನು ಯಾರ ಭಾವನೆಗೂ ರಿಯಾಯಿತಿ ತೋರಿಸಲಾರೆ.

ಮರುವರ್ಷ ಮಾರೆಮ್ಮನ ಜಾತ್ರೆಯಲ್ಲಿ ಆ ತಂದೆಯನ್ನು ಕಂಡೆ. ಕೈಯಲ್ಲಿ ಕಾಯಿಯಿಲ್ಲ, ಹಣ್ಣಿಲ್ಲ, ಹರಕೆಯ ಕುರಿಯಿಲ್ಲ. ಗುಡಿಯ ಎದುರಿನ ಬೇವಿನ ಮರದ ಬುಡದಲ್ಲಿ ಸುಮ್ಮನೆ ಕುಳಿತಿದ್ದನು. ಪಕ್ಕದಲ್ಲಿ ಕುಳಿತು, ‘ಏನಪ್ಪಾ, ಇಷ್ಟಾದಮೇಲೂ ಇಲ್ಲಿಗೆ ಬಂದೆಯಾ?’ ಎಂದು ಕೇಳಿದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಡಾಕ್ಟ್ರು ಎಲ್ಲಾ ಬಿಡಿಸಿ ಹೇಳಿದ್ರು ಸ್ವಾಮೀ. ಎರಡು ತಾಸು ಮುಂಚೆ ತಂದಿದ್ರೆ ಉಳಿಸ್ತಿದ್ವಿ ಅಂದ್ರು. ಅದನ್ನ ಹೆಂಡ್ತಿ ತಾವ ಹೇಳಾಂಗಿಲ್ಲ. ಇನ್ಯಾರ ತಾವ ಹೇಳ್ಕಳ್ಲಿ?’ ಎಂದನು.

ವಾಚಕರೇ, ಆ ದಿನದಿಂದ ನಾನು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡತೊಡಗಿದ್ದೇನೆ. ಆತನಿಗೆ ವಿವರಣೆ ದೊರೆತಿತ್ತು. ವಿಷವು ನರಗಳನ್ನು ಹೇಗೆ ಕಟ್ಟುತ್ತದೆ, ಉಸಿರು ಏಕೆ ನಿಲ್ಲುತ್ತದೆ ಎಂಬುದೆಲ್ಲ ಆತನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಆ ವಿವರಣೆಯಿಂದ ಎದೆಯ ಭಾರ ಇಳಿಯಲಿಲ್ಲ, ಇಮ್ಮಡಿಯಾಯಿತು. ಮಗ ಬದುಕಬಹುದಾಗಿತ್ತು ಎಂಬುದನ್ನು ವಿಜ್ಞಾನವು ಆತನಿಗೆ ಖಚಿತಪಡಿಸಿಕೊಟ್ಟಿತು. ನನ್ನ ಅಜ್ಜಿಗೆ ಆ ಖಚಿತತೆ ಇರಲಿಲ್ಲ. ಅವರ ಮಕ್ಕಳನ್ನು ಅಮ್ಮ ಕರೆದುಕೊಂಡಳು. ಅವರು ಅತ್ತರು, ಉಳಿದ ಮಕ್ಕಳನ್ನು ಸಾಕಿದರು. ಈ ತಂದೆಗೆ ಅತ್ತು ಮುಗಿಸುವ ಭಾಗ್ಯವಿಲ್ಲ. ಔಷಧಗಳು ಹೆಚ್ಚಿದಂತೆಲ್ಲ ಸಾವುಗಳು ಕಡಿಮೆಯಾಗುತ್ತವೆ, ಅದು ಪರಮ ಸಂತೋಷದ ವಿಷಯ. ಆದರೆ ಆಗುವ ಒಂದೊಂದು ಸಾವಿಗೂ ಯಾರೋ ಒಬ್ಬರು ಹೊಣೆಯಾಗುತ್ತಾ ಹೋಗುತ್ತಾರೆ. ತಡಮಾಡಿದ ತಂದೆ, ಲಸಿಕೆ ಹಾಕಿಸದ ತಾಯಿ, ಪರೀಕ್ಷೆ ಮಾಡಿಸಲು ಒಂದು ತಿಂಗಳು ಮುಂದೂಡಿದ ಮಗ. ಮುಂದಿನ ಕಾಲದಲ್ಲಿ ಯಂತ್ರವು ಮೂರು ದಿನ ಮುಂಚೆಯೇ ಎಚ್ಚರಿಕೆ ಕೊಟ್ಟೀತು. ಅದನ್ನು ಓದದೆ ಬಿಟ್ಟವನ ರಾತ್ರಿಗಳು ಹೇಗಿದ್ದಾವು? ಬೇಡುವುದಕ್ಕೆ ದೇವರು ಅಷ್ಟಾಗಿ ಬೇಕಾಗಲಾರನು, ಒಪ್ಪುತ್ತೇನೆ. ತಪ್ಪನ್ನು ಒಪ್ಪಿಸುವುದಕ್ಕೆ ಇಂದಿಗಿಂತ ಹೆಚ್ಚಾಗಿ ಬೇಕಾದಾನೆಂದು ನನಗೆ ತೋರುತ್ತದೆ.

ಅದಕ್ಕೆ ದೇವರೇ ಏಕೆ, ಮನುಷ್ಯರು ಸಾಲದೇ ಎಂದು ಕೇಳುವವರುಂಟು. ಕೆಲವರಿಗೆ ಸಾಕು. ಹಿಂದೂಪುರದಿಂದ ಗಡಿ ದಾಟಿದರೆ ಗೌರಿಬಿದನೂರು ತಾಲ್ಲೂಕು. ಅಲ್ಲಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಸಮಿತಿ ರಚಿಸಿದರು. ನಮ್ಮ ಜಿಲ್ಲೆಯಲ್ಲಿಯೇ ಅಂದು ಇದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೂ ಸವಾಲು ಹಾಕಿದರು. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬದುಕು ಕಳೆದು 2005ರಲ್ಲಿ ತೀರಿಕೊಂಡ ಆ ಮಹನೀಯರಿಗೆ ಪವಾಡದ ಆಸರೆ ಬೇಕಾಗಲಿಲ್ಲ. ಇತ್ತ ಅದೇ ಪುಟ್ಟಪರ್ತಿಯ ಟ್ರಸ್ಟಿನವರು 1990ರ ದಶಕದಲ್ಲಿ ಫ್ಲೋರೈಡ್ ನೀರು ಕುಡಿದು ಮೂಳೆ ಬಾಗುತ್ತಿದ್ದ ನಮ್ಮ ಜಿಲ್ಲೆಯ 700ಕ್ಕೂ ಅಧಿಕ ಊರುಗಳಿಗೆ ಕೊಳವೆಯಲ್ಲಿ ಕುಡಿಯುವ ನೀರು ಹರಿಸಿದರು. ಭಕ್ತಿಯಿಂದ ಬಂದ ಹಣ, ಇಂಜಿನಿಯರುಗಳು ಹಾಕಿದ ಕೊಳವೆ. ಪ್ರಶ್ನೆ ಕೇಳಿದವರ ಪಕ್ಷವೂ ನೀರು ಕೊಟ್ಟವರ ಪಕ್ಷವೂ ನಮ್ಮ ಗಡಿಯ ಎರಡು ಬದಿಯಲ್ಲಿಯೇ ಇವೆ. ನಾನು ಎರಡೂ ಕಡೆಯಿಂದ ಕುಡಿದವನು.

ಒಂದು ಸಂಕೋಚ ಮಾತ್ರ ನನ್ನನ್ನು ಬಿಟ್ಟಿಲ್ಲ. ಅದೇ ಜಾತ್ರೆಗೆ ಆ ಮಂತ್ರದವನೂ ಬಂದಿದ್ದನು. ಕಾಯಿ ಒಡೆಸಿ, ಮಂಗಳಾರತಿ ತೆಗೆದುಕೊಂಡು, ನಗುತ್ತಾ ಹೋದನು. ಅವನ ಭಾರವೂ ಅಷ್ಟೇ ಸುಲಭವಾಗಿ ಇಳಿದುಬಿಟ್ಟಿತೇ? ಹಾಗಾದರೆ ಬೇವಿನ ಮರದ ಕೆಳಗೆ ಕುಳಿತವನಿಗೆ ಸಿಕ್ಕಿದ್ದೇನು? ಇದಕ್ಕೆ ಪುರಾಣ ಬಲ್ಲ ಹಿರಿಯರೊಬ್ಬರು ಉತ್ತರ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ.

ನಮ್ಮ ಶಾಲೆಯಲ್ಲಿ ಈಚಿನ ವರ್ಷಗಳಿಂದ ನಾಗರ ಪಂಚಮಿಯ ಹಿಂದಿನ ದಿನ ಮಕ್ಕಳಿಗೆ ಹಾವಿನ ಪಾಠ ನಡೆಯುತ್ತದೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಹಗ್ಗದಿಂದ ಬಿಗಿಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈಕಾಲನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ನೋವಿಲ್ಲವೆಂದು ನಂಬಿ ಕೂರಬಾರದು, ಮುಖ್ಯವಾಗಿ ನೆಲದ ಮೇಲೆ ಮಲಗಿದ್ದವರು. ಹುತ್ತಕ್ಕೆ ಹಾಲೆರೆಯಲು ಹೋಗುವ ದಾರಿಯಲ್ಲಿಯೇ ಶಾಲೆಯ ಹೊರಗೋಡೆಯಿದೆ. ಅದರ ಮೇಲೆ ಮಕ್ಕಳು ನಾಲ್ಕು ಹಾವುಗಳ ಚಿತ್ರ ಬರೆದು, ಕೆಳಗೆ ಆಂಬ್ಯುಲೆನ್ಸಿನ ಸಂಖ್ಯೆಯಾದ 108ನ್ನು ದೊಡ್ಡದಾಗಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದಿದ್ದಾರೆ. ಅದು ಅಷ್ಟೋತ್ತರದ ಸಂಖ್ಯೆಯೆಂದು ತಿಳಿದ ಮುದುಕಿಯೊಬ್ಬಳು ಕಳೆದ ಪಂಚಮಿಯಂದು ಗೋಡೆಗೂ ಒಂದಿಷ್ಟು ಅರಿಶಿನ ಹಚ್ಚಿ ಹೋದಳು. ಮಕ್ಕಳು ಅಳಿಸಲು ಹೊರಟರು. ಸಂಖ್ಯೆ ಕಾಣುತ್ತಿದ್ದುದರಿಂದ ಹಾಗೆಯೇ ಇರಲಿ ಎಂದೆ.